ಪುಸ್ತಕದ ಮಲ್ಹಾರಪ್ಪ, ನಾಟಕದ ಮಲ್ಹಾರಪ್ಪ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ತುಳಸವ್ವ ಸಿಂಪಿ. ವಯಸ್ಸು ಎಪ್ಪತ್ತೊಂದು ಎಂದು ಅವರ ಹೇಳಿಕೆ. ಎಪ್ಪತ್ತಾರು ಎಂದು ಅವರ ತಂಗಿಯ ಹೇಳಿಕೆ. ಹೇಳಿದ ದಿನ ಮಾಘ ಬಹುಳ ಪಂಚಮಿ, ಗುರುವಾರ, ಮಧ್ಯಾಹ್ನದ ಊಟವಾದ ಮೇಲೆ. ಸ್ಥಳ, ಕಥೆ ನಡೆದ ಊರಿನ ವಾಚನಾಲಯದ ಮುಂದಿನ ಕಟ್ಟೆ. ಕೇಳುತ್ತ ಕುಳಿತವರು ನನ್ನನ್ನು ಬಿಟ್ಟು ಹನ್ನೊಂದು ಜನ. ತುಳಸವ್ವನವರು ಒಂದು ನಾಟಕ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ವೇಷದ ಬಟ್ಟೆ ಹೊಲಿದು, ಕಂಪನಿ ಆ ಊರಿಗೆ ಬಂದಾಗ ಅಲ್ಲಿಯೇ ಉಳಿದುಬಿಟ್ಟವರು. ಇದೇ ಕಥೆಯ ಇನ್ನೂ ಮೂರು ಪಾಠಗಳನ್ನು ನಾನು ಬೇರೆ ಓಣಿಗಳಲ್ಲಿ ಬರೆದುಕೊಂಡಿದ್ದೇನೆ. ಆದರೆ ಕಥೆಯಲ್ಲಿ ಬರುವ ಹಸಿರು ಮಖಮಲ್ಲಿನ ಕೋಟನ್ನು ತಮ್ಮ ಕೈಯಾರೆ ಹೊಲಿದವರು ತುಳಸವ್ವನವರಾದ್ದರಿಂದ ಅವರ ಪಾಠವನ್ನೇ ಮುಖ್ಯವೆಂದು ಹಿಡಿದು, ಉಳಿದವು ಬೇರೆಯಾದ ಕಡೆ ಸೂಚಿಸಿದ್ದೇನೆ.

ಆ ಊರಿನಲ್ಲಿ ಯಾವುದಾದರೂ ಕಾದಂಬರಿಯನ್ನು ನೂರು ಜನ ಕೊನೆಯ ಪುಟದವರೆಗೆ ಓದಿ ಮುಗಿಸಿದರೆ, ಮರುದಿನ ಬೆಳಗಿನ ಬಸ್ಸಿನಿಂದ ಆ ಕಾದಂಬರಿಯ ಒಬ್ಬ ವ್ಯಕ್ತಿ ಇಳಿಯುತ್ತಾನೆ. ಒಳ್ಳೆಯವರು ಇಳಿಯುವುದಿಲ್ಲ, ಅವರಿಗೆ ಕೊನೆಯ ಪುಟದಲ್ಲಿ ಮದುವೆಯೋ ಮುಕ್ತಿಯೋ ಆಗಿರುತ್ತದೆ. ಕೆಟ್ಟವರೂ ಇಳಿಯುವುದಿಲ್ಲ, ಅವರು ಅದಕ್ಕೆ ಮೊದಲೇ ಬಾವಿಗೋ ಜೈಲಿಗೋ ಬಿದ್ದಿರುತ್ತಾರೆ. ಒಳ್ಳೆಯವರೋ ಕೆಟ್ಟವರೋ ಎಂಬುದನ್ನು ಲೇಖಕರು ತೀರ್ಮಾನಿಸದೆ ಬಿಟ್ಟವರು ಮಾತ್ರ ಒಂದು ಟ್ರಂಕು ಹಿಡಿದು ಇಳಿದು, ಬಾಡಿಗೆಗೆ ಖೋಲಿ ಸಿಗುತ್ತದೆಯೇ ಎಂದು ವಿಚಾರಿಸುತ್ತಾರೆ. ಅಂಥವರಿಗಾಗಿಯೇ ಊರಿನ ಪಶ್ಚಿಮಕ್ಕೆ ಅನುಮಾನದ ಓಣಿ ಎಂದು ಒಂದು ಓಣಿಯಿದೆ.

ಊರವರು ಇದಕ್ಕೆ ಹೊಂದಿಕೊಂಡ ರೀತಿ ಅಚ್ಚುಕಟ್ಟಾದದ್ದು. ಎರಡು ಕೂಸುಗಳನ್ನು ಬೇಕೆಂದೇ ಅದಲುಬದಲು ಮಾಡಿದಳೋ, ಕತ್ತಲಲ್ಲಿ ತಿಳಿಯದೆ ಮಾಡಿದಳೋ ಎಂದು ಯಾರಿಗೂ ಗೊತ್ತಿಲ್ಲದ ಸೂಲಗಿತ್ತಿಯೊಬ್ಬಳು ಅಲ್ಲಿದ್ದಾಳೆ. ಅವಳ ಕೈಗುಣ ಬಹಳ ಒಳ್ಳೆಯದೆಂದು ಎಲ್ಲರೂ ಅವಳನ್ನೇ ಕರೆಸುತ್ತಾರೆ. ಕೂಸು ಹೊರಬಂದ ಕೂಡಲೇ ಅಂಗಾಲಿಗೆ ಕಾಡಿಗೆಯಲ್ಲಿ ಒಂದು ಗುರುತು ಮಾಡುತ್ತಾರೆ. ಹಳ್ಳಿಯನ್ನು ಉಳಿಸಲೆಂದೋ ಮುಳುಗಿಸಲೆಂದೋ ಕೆರೆಯ ತೂಬು ತೆಗೆದ ಅಧಿಕಾರಿಯೊಬ್ಬನಿದ್ದಾನೆ. ಅವನಿಗೆ ಎಲ್ಲರ ಮನೆಯಲ್ಲಿಯೂ ಚಹಾ ಉಂಟು, ನೀರಿನ ನಲ್ಲಿಯನ್ನು ಮಾತ್ರ ಮನೆಯವರೇ ತಿರುಗಿಸುತ್ತಾರೆ. ಒಂದು ಮರ್ಯಾದೆಯನ್ನು ಚಿಕ್ಕವರು ದೊಡ್ಡವರೆಲ್ಲ ಪಾಲಿಸುತ್ತಾರೆ: ಆ ಓಣಿಯವರನ್ನು ಅವರ ಪುಸ್ತಕದೊಳಗಿನ ಆ ಒಂದು ಸಂಗತಿಯ ಬಗ್ಗೆ ಯಾರೂ ಕೇಳಬಾರದು. ಹೆಂಗಸಿನ ವಯಸ್ಸನ್ನೂ ಗಂಡಸಿನ ಬೋಳುತಲೆಯನ್ನೂ ಎತ್ತಬಾರದೆಂಬುದಕ್ಕಿಂತ ಇದು ಕಟ್ಟುನಿಟ್ಟಾದ ಮರ್ಯಾದೆ.

ತೊಂದರೆ ಶುರುವಾಗುವುದು ನಾಟಕ ಕಂಪನಿ ಬಂದಾಗ. ಒಂದು ಕಾದಂಬರಿಯನ್ನು ನಾಟಕ ಮಾಡಿ ಆ ಊರಿನಲ್ಲಿ ಮೂರು ಸಲ ಆಡಿದರೆ, ನಾಟಕದೊಳಗಿನ ಅದೇ ವ್ಯಕ್ತಿಯೂ ನಾಲ್ಕನೆಯ ದಿನ ಬಸ್ಸಿನಿಂದ ಇಳಿಯುತ್ತಾನೆ. ಒಂದು ಹೆಸರಿಗೆ ಒಂದೇ ಖೋಲಿ ಎಂಬುದು ಓಣಿಯ ನಿಯಮ. ಆದ್ದರಿಂದ ಹದಿನೈದು ದಿನದೊಳಗೆ ವಾಚನಾಲಯದ ಅಂಗಳದಲ್ಲಿ ಹೋಲಿಕೆ ನಡೆಯುತ್ತದೆ. ಪುಸ್ತಕದವನನ್ನೂ ನಾಟಕದವನನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನಿಲ್ಲಿಸುತ್ತಾರೆ. ಒಳ್ಳೆಯವನೆನ್ನುವವರು ಬೇವಿನ ಮರದ ಕೆಳಗೆ, ಕೆಟ್ಟವನೆನ್ನುವವರು ಗೋಡೆಯ ಹತ್ತಿರ, ಹೇಳಲು ಬರುವುದಿಲ್ಲವೆನ್ನುವವರು ನಟ್ಟನಡುವೆ ನಿಲ್ಲಬೇಕು. ಯಾರ ವಿಷಯದಲ್ಲಿ ಊರು ಒಂದೇ ಕಡೆ ಗುಂಪುಗೂಡುತ್ತದೆಯೋ ಅವರು ತೀರ್ಮಾನವಾದಂತೆ. ಅವರು ಅದೇ ದಿನ ಸಂಜೆಯ ಬಸ್ಸಿಗೆ ಬಂದಲ್ಲಿಗೆ ಹೊರಡಬೇಕು. ಯಾರ ವಿಷಯದಲ್ಲಿ ಊರು ಚದುರಿ ನಿಲ್ಲುತ್ತದೆಯೋ ಅವರ ಪಾಲಿಗೆ ಖೋಲಿ. ಈ ಕಥೆಯ ಕಾಲಕ್ಕೆ ಅಂಥ ಏಳು ಹೋಲಿಕೆಗಳು ನಡೆದಿದ್ದವು. ಏಳರಲ್ಲಿಯೂ ಹೊರಟುಹೋದವರು ನಾಟಕದವರೇ. ಸೂಲಗಿತ್ತಿಯ ನಾಟಕದ ರೂಪವಂತೂ ಕರಿಸೀರೆಯುಟ್ಟು ಬಂದಿತ್ತು. ಅದು ಬಾಯಿ ತೆರೆದಾಗಲೆಲ್ಲ ಎಲ್ಲಿಂದಲೋ ಗುಡುಗು ಕೇಳಿಸುತ್ತಿತ್ತು. ಅದರ ಮೊದಲ ವಾಕ್ಯ ಮುಗಿಯುವ ಮುನ್ನವೇ ಇಡೀ ಊರು ಗೋಡೆಗೆ ಅಂಟಿಕೊಂಡಿತ್ತು.

ಮಲ್ಹಾರಪ್ಪ ದೇಸಾಯಿ ಬಂದದ್ದು ಊರವರು 'ದೀಪದ ಕಾದಂಬರಿ' ಎಂದು ಕರೆಯುವ ಒಂದು ದಪ್ಪ ಪುಸ್ತಕದಿಂದ. ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ವಾಚನಾಲಯದ ಪ್ರತಿಗೆ ರಟ್ಟಿಲ್ಲ. ಅದರಲ್ಲಿ ವಾಡೆಯೆಲ್ಲ ಅಣ್ಣನಿಗೆ ಸೇರಬೇಕೆಂದು ತಂದೆ ಬರೆದಿಟ್ಟ ಮೃತ್ಯುಪತ್ರ ಮೇಜಿನ ಮೇಲಿರುತ್ತದೆ. ತಮ್ಮನಾದ ಮಲ್ಹಾರಪ್ಪ ಅದರ ಮುಂದೆ ಒಬ್ಬನೇ ಕುಳಿತಿರುತ್ತಾನೆ. ಮುನ್ನೂರ ಹನ್ನೆರಡನೆಯ ಪುಟದಲ್ಲಿ ಲೇಖಕರು ಬರೆದದ್ದು ಇಷ್ಟೇ: 'ಮಲ್ಹಾರಪ್ಪನ ಕೈ ದೀಪದ ಹತ್ತಿರ ಇತ್ತು. ದೀಪ ಉರುಳಿತು.' ಪತ್ರ ಸುಟ್ಟುಹೋಗುತ್ತದೆ, ವಾಡೆ ತಮ್ಮನಿಗೂ ಬರುತ್ತದೆ, ಅವನು ಅದರಲ್ಲಿ ಒಂದು ದಿನವೂ ಮಲಗುವುದಿಲ್ಲ. ಉಳಿದ ನೂರೆಂಬತ್ತು ಪುಟಗಳಲ್ಲಿ ಎಲ್ಲರೂ ಅವನನ್ನು ನೋಡುತ್ತಾರೆ. ಅವನು ಕಿಟಕಿಯ ಹೊರಗೆ ನೋಡುತ್ತಾನೆ.

ಈ ಊರಿಗೆ ಬಂದ ಮೇಲೆ ಅವನು ವಾಚನಾಲಯದಲ್ಲಿ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುವ ಕೆಲಸ ಹಿಡಿದ. ಯಾರು ಏನು ಕೇಳಿದರೂ ಬಹಳ ಹೊತ್ತು ಯೋಚಿಸಿ ಉತ್ತರ ಕೊಡುತ್ತಿದ್ದ. ಚಹಾಕ್ಕೆ ಸಕ್ಕರೆ ಬೇಕೇ ಎಂದು ಕೇಳಿದವರು ಚಹಾ ಆರಿದ ಮೇಲೆ ಉತ್ತರ ಪಡೆಯುತ್ತಿದ್ದರು. ಅವನ ಮೂಗಿನ ಬಗ್ಗೆ ಕಾದಂಬರಿಯಲ್ಲಿ ಒಂದು ಮಾತೂ ಇರಲಿಲ್ಲವಾದ್ದರಿಂದ ಅದು ಊರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಕಾಣುತ್ತಿತ್ತು. ನೇರವಾದದ್ದೆಂದು ತುಳಸವ್ವನವರು, ತುಸು ಮೊಂಡೆಂದು ಕುಂಬಾರ ಓಣಿಯ ಪಾಠ. ಊರಿನ ಖಾನಾವಳಿ ನಡೆಸುತ್ತಿದ್ದ ಸೋನವ್ವ ಮಾತ್ರ ಅದು ಗಿಣಿಮೂಗೆಂದೂ, ಅಂಥ ಮೂಗು ತನಗೆ ಮೊದಲಿನಿಂದಲೂ ಇಷ್ಟವೆಂದೂ ಹೇಳುತ್ತಿದ್ದಳು. ಏಳು ವರ್ಷ ಅವಳ ಖಾನಾವಳಿಯಲ್ಲಿ ಉಂಡ ಮೇಲೆ ಮಲ್ಹಾರಪ್ಪ ಅವಳನ್ನು ಮದುವೆಯಾಗುವೆಯಾ ಎಂದು ಕೇಳಿದ. ಕೇಳಲು ಅವನಿಗೆ ಮೂರು ತಿಂಗಳು ಹಿಡಿದವು. ಅವಳಿಗೆ ಹೂಂ ಎನ್ನಲು ಒಂದು ಒಗ್ಗರಣೆಯಷ್ಟು ಹೊತ್ತು. ಮುಹೂರ್ತವನ್ನು ಅಕ್ಷಯ ತದಿಗೆಗೆ ಇಟ್ಟರು.

ಅದಕ್ಕೆ ಮೊದಲು, ಆ ವರ್ಷದ ಮಾಘದಲ್ಲಿ ತುಳಸವ್ವನವರ ಕಂಪನಿ ಊರಿಗೆ ಬಂದು ಡೇರೆ ಹಾಕಿತು. ಆಡಿದ್ದು ದೀಪದ ಕಾದಂಬರಿಯ ನಾಟಕ. ನಾಟಕ ಬರೆದ ಕಂಪನಿಯ ಕವಿಗೆ ಮುನ್ನೂರ ಹನ್ನೆರಡನೆಯ ಪುಟ ಒಪ್ಪಿಗೆಯಾಗಿರಲಿಲ್ಲ. "ನೆಲದ ಮ್ಯಾಲೆ ಕೂತ ಮಂದಿಗೆ ಕೈ ಹತ್ತಿರ ಇತ್ತೋ ದೂರ ಇತ್ತೋ ಹೆಂಗ ಕಾಣಬೇಕ್ರೀ?" ಎಂದು ಅವರು ತುಳಸವ್ವನವರ ಮುಂದೆಯೇ ಅಂದಿದ್ದರಂತೆ. ಆದ್ದರಿಂದ ನಾಟಕದ ಮಲ್ಹಾರಪ್ಪ ಹಸಿರು ಕೋಟು ತೊಟ್ಟು, ಮೀಸೆ ತಿರುವಿ, ದೀಪವನ್ನು ಕುರಿತು ಎಂಟು ಸಾಲಿನ ಪದ ಹಾಡಿ, ಅದನ್ನು ಬಲಗಾಲಿನಿಂದ ಒದ್ದು, ಮೂರು ಸಲ ನಗುತ್ತಿದ್ದ. ಪರದೆ ಬೀಳುತ್ತಿತ್ತು. ಶಿಳ್ಳೆಯೋ ಶಿಳ್ಳೆ.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಬಸ್ಸಿನಿಂದ ಇಳಿದ. ಪಾತ್ರ ಮಾಡಿದ ನಟನು ಆ ಹೊತ್ತಿಗೆ ಡೇರೆಯಲ್ಲಿ ಗೊರಕೆ ಹೊಡೆಯುತ್ತಿದ್ದ, ಇಳಿದವನು ಬೇರೆ. ನಟನ ಮೀಸೆ ಅಂಟಿನದಾಗಿದ್ದರೆ ಇವನದು ಬೇರಿನಿಂದ ಬಂದದ್ದು. "ಕೋಟ ಮಾತ್ರ ನಂದs. ಎಡಗಡೆ ಬಗಲಾಗ ನಾ ಅವಸರದಾಗ ಹಾಕಿದ ದೊಡ್ಡ ದೊಡ್ಡ ಹೊಲಿಗಿ ಟಾಕಿ ಹಂಗs ಇದ್ದವು" ಎಂದರು ತುಳಸವ್ವ. ಅವನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಮುಖವನ್ನು ಅರೆಪಾಲು ತಿರುಗಿಸಿ ಕಾದ. ಏನು ಮಾಡಬೇಕೆಂದು ತಿಳಿಯದೆ ಕಂಡಕ್ಟರನು ಎರಡು ಚಪ್ಪಾಳೆ ತಟ್ಟಿದ. ಆಮೇಲೆಯೇ ಅವನು ನೆಲಕ್ಕೆ ಕಾಲಿಟ್ಟದ್ದು.

ನಾಟಕದ ಮಲ್ಹಾರಪ್ಪನೊಡನೆ ಬಾಳುವುದು ಸುಲಭವಾಗಿರಲಿಲ್ಲ. ಅವನು ಯಾರಿಗೂ ಬೆನ್ನು ತೋರಿಸುತ್ತಿರಲಿಲ್ಲ. ಅಂಗಡಿಯಿಂದ ಹೊರಡುವಾಗ ಹಿಮ್ಮುಖವಾಗಿ ನಡೆದು ತಕ್ಕಡಿ ಬೀಳಿಸುತ್ತಿದ್ದ. ಮೂರು ಮಾರು ದೂರದಲ್ಲಿರುವವರಿಗೂ ಮೂವತ್ತು ಮಾರಿಗೆ ಕೇಳಿಸುವಂತೆ ಮಾತಾಡುತ್ತಿದ್ದ. ಸೋನವ್ವನ ಖಾನಾವಳಿಯಲ್ಲಿ ಕುಳಿತು, ರಂಗದ ಮೇಲಿನ ಖಾಲಿ ತಾಟಿನ ಅಭ್ಯಾಸದಿಂದ, ಅನ್ನವನ್ನು ಮುಟ್ಟದೆ ಕೈಯನ್ನು ಬಾಯಿಯವರೆಗೆ ಒಯ್ದು ಒಯ್ದು ತೇಗುತ್ತಿದ್ದ. ಎಲ್ಲಕ್ಕಿಂತ ಕಷ್ಟವೆಂದರೆ ಅವನ ಸ್ವಗತ.

"ಸಾರು ಹಾಕಲ್ರೀ?" ಎಂದು ಸೋನವ್ವ ಕೇಳಿದರೆ ಅವನು, "ಹಾಕು ತಾಯೀ, ಹಾಕು" ಎಂದು ಹೇಳಿ, ಬಾಯಿಗೆ ಅಂಗೈ ಅಡ್ಡ ಹಿಡಿದು ಮಾಡಿನ ಕಡೆ ನೋಡುತ್ತ, "ಇವಳಿಗೆ ನನ್ನ ಕಪಟದ ಸುಳಿವೂ ಇಲ್ಲ! ಇನ್ನು ಈ ಖಾನಾವಳಿ ನನ್ನದೇ!" ಎಂದು ಗರ್ಜಿಸುತ್ತಿದ್ದ.

"ಕೇಳಸ್ತದ್ರೀ," ಎನ್ನುತ್ತಿದ್ದಳು ಸೋನವ್ವ.

ಅವನು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಸ್ವಗತವು ಪಕ್ಕದವರಿಗೆ ಕೇಳಿಸುವುದಿಲ್ಲವೆಂದು ಅವನ ದೃಢವಾದ ನಂಬಿಕೆ. ಒಂದು ವಾರದಲ್ಲಿ ಊರವರೂ ಹೊಂದಿಕೊಂಡು, ಅವನು ಅಂಗೈ ಎತ್ತಿದ ಕೂಡಲೇ ಸೌಜನ್ಯದಿಂದ ಬೇರೆ ಕಡೆ ನೋಡುವುದನ್ನು ರೂಢಿ ಮಾಡಿಕೊಂಡರು.

ಈ ಹೋಲಿಕೆಯೂ ಹಿಂದಿನ ಏಳರಂತೆಯೇ ಮುಗಿಯುತ್ತದೆಂದು ಎಲ್ಲರೂ ತಿಳಿದಿದ್ದರು. ಆದರೆ ಎರಡು ಘಟನೆಗಳು ನಡೆದವು. ಒಂದು ದಿನ ಸಂತೆಯಲ್ಲಿ ನೀಲವ್ವ ಎಂಬ ಮುದುಕಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದಾಗ ಅವನು ಅಡ್ಡ ನಿಂತು, "ಎಲೈ ಮುದುಕಿ! ಈ ಹೊರೆಯನ್ನು ಈಗಲೇ ಅಪಹರಿಸುತ್ತೇನೆ! ಹ ಹ್ಹ ಹ್ಹಾ!" ಎಂದು ಕಸಿದುಕೊಂಡು ಎಡಗಡೆಗೆ ನಡೆದ. ನಾಟಕದಲ್ಲಿ ಅವನ ನಿರ್ಗಮನವೆಲ್ಲ ಎಡಕ್ಕೇ. ನೀಲವ್ವನ ಮನೆಯೂ ಎಡಕ್ಕೇ ಇತ್ತು. ಅವಳು ಹಿಂದೆ ಹಿಂದೆ ನಡೆದು ತನ್ನ ಬಾಗಿಲಿನಲ್ಲಿ, "ಇಲ್ಲೇ ಇಳಸೋ ಯಪ್ಪಾ" ಎಂದಳು. ಕಸಿದುಕೊಂಡ ಮೇಲೆ ಏನು ಮಾಡಬೇಕೆಂದು ಯಾವ ಅಂಕದಲ್ಲಿಯೂ ಬರೆದಿರಲಿಲ್ಲವಾಗಿ ಅವನು ಇಳಿಸಿದ. ಮರುದಿನ ಅಂಚೆಯವನನ್ನು ಕಂಡು, "ನಿಲ್ಲು! ಒಂದು ಹೆಜ್ಜೆ ಮುಂದಿಟ್ಟರೆ ಸಾವೇ ಗತಿ!" ಎಂದು ಕೂಗಿದ. ಅಂಚೆಯವನು ಗಾಬರಿಯಾಗಿ ನಿಂತು ಕೆಳಗೆ ನೋಡಿದರೆ ನಾಗರಹಾವು. ಕುಂಬಾರ ಓಣಿಯ ಪಾಠದಲ್ಲಿ ಅದು ಹಗ್ಗ. ಆದರೆ ಅಂಚೆಯವನು ಈಗಲೂ ಬದುಕಿದ್ದು ಹಾವೆಂದೇ ಹೇಳುತ್ತಾನೆ.

ಊರು ಗೊಂದಲಕ್ಕೆ ಬಿತ್ತು. ಇವನು ಕೆಟ್ಟವನೋ, ಕೆಟ್ಟವನಂತೆ ಕೂಗುವ ಒಳ್ಳೆಯವನೋ? ಖಾನಾವಳಿಯ ಒಂದು ಸಾಲು ಹೀಗೆಂದರೆ ಇನ್ನೊಂದು ಸಾಲು ಹಾಗೆನ್ನುತ್ತಿತ್ತು. ಸೋನವ್ವ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳುತ್ತಿದ್ದಳು. ಆಗ ಯಾರೋ, "ಅದಿರ್ಲಿ, ನಮ್ಮ ಪುಸ್ತಕದ ಮಲ್ಹಾರಪ್ಪಗ ಏನ ಅಂತೀರಿ?" ಎಂದು ಕೇಳಿದರು. ಎರಡು ಸಾಲಿನವರೂ ಒಂದೇ ಬಾಯಿಂದ, "ಅಂವ ದೇವರಂಥಾ ಮನಶ್ಯಾ!" ಎಂದರು.

ಸೋನವ್ವನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಏಳು ವರ್ಷ ಮರ್ಯಾದೆಯೆಂದು ಯಾರೂ ದೀಪದ ಮಾತೆತ್ತದೆ ಇದ್ದುದರಿಂದ, ಊರಿಗೆ ದೀಪವೇ ಮರೆತುಹೋಗಿತ್ತು. ಉಳಿದದ್ದು ಪುಸ್ತಕ ಹೊಲಿಯುವ, ಜಗಳವಾಡದ, ಎಲ್ಲದಕ್ಕೂ ಯೋಚಿಸಿ ಉತ್ತರಿಸುವ ಒಬ್ಬ ಸಂಭಾವಿತ. ಹೋಲಿಕೆಯ ದಿನ ಇಡೀ ಊರು ಅವನಿಗಾಗಿ ಬೇವಿನ ಕೆಳಗೆ ಸೇರುವುದು ಖಂಡಿತ. ಸಂಜೆಯ ಬಸ್ಸಿಗೆ ಅವನು ಆ ವಾಡೆಗೆ, ಆ ಕಿಟಕಿಗೆ ಮರಳುವುದೂ ಖಂಡಿತ. ಆಮೇಲೆ ಅವಳು ಅವನನ್ನು ನೋಡಬೇಕಾದರೆ ಪುಸ್ತಕ ತೆರೆಯಬೇಕು. ಅವಳಿಗೆ ಓದಲು ಬರುತ್ತಿರಲಿಲ್ಲ.

ಅವಳು ಕೈ ತೊಳೆದುಕೊಂಡು ನೇರವಾಗಿ ವಾಚನಾಲಯಕ್ಕೆ ನಡೆದಳು. "ಏಳ ವರ್ಷದಾಗ ಒಂದರೆ ಸುಳ್ಳ ಹೇಳೀರೇನ್ರೀ?"

ಮಲ್ಹಾರಪ್ಪ ಸೂಜಿ ಕೆಳಗಿಟ್ಟು ಯೋಚಿಸಿದ. "ಹೇಳಿರಬಹುದು. ಆದರೆ ಹೇಳುವಾಗ ಅದು ಸುಳ್ಳೆಂದು ನನಗೆ ಪೂರ್ತಿ ಖಾತ್ರಿಯಿರಲಿಲ್ಲ."

"ಅದು ನಡ್ಯೂದಿಲ್ಲ. ಒಂದ ಕೆಟ್ಟ ಕೆಲಸ ಮಾಡ್ರಿ. ಸಣ್ಣದು ಸಾಕು. ನಾಕ ಮಂದಿ ನೋಡೂಹಂಗ."

"ಯಾರ ಸಲುವಾಗಿ?"

"ನನ್ನ ಸಲುವಾಗಿ ಮಾಡ್ರಿ, ಮತ್ತ ಯಾರ ಸಲುವಾಗಿ ಮಾಡ್ತೀರಿ!"

"ಹಾಗಿದ್ದರೆ ಅದು ಪೂರ್ತಿ ಕೆಟ್ಟ ಕೆಲಸವಾಗುವುದಿಲ್ಲವಲ್ಲ" ಎಂದ ಮಲ್ಹಾರಪ್ಪ ಚಿಂತೆಯಿಂದ. ಸೋನವ್ವ ಹಣೆ ಚಚ್ಚಿಕೊಂಡಳು.

ಮೊದಲ ಪ್ರಯತ್ನ ಬದನೆಕಾಯಿಯದು. (ಪೇಟೆ ಓಣಿಯ ಪಾಠದಲ್ಲಿ ಸೌತೆಕಾಯಿ. ಬದನೆಕಾಯಿಯೇ ಹಳೆಯ ಪಾಠವೆಂದು ನನ್ನ ಅಭಿಪ್ರಾಯ. ಮಾಘದಲ್ಲಿ ಆ ಊರಿಗೆ ಸೌತೆಕಾಯಿ ಬರುವುದಿಲ್ಲ.) ಕಾಯಿಪಲ್ಲೆಯ ಮೆಹಬೂಬಿಯ ಬುಟ್ಟಿಯಿಂದ ಒಂದು ಬದನೆಕಾಯಿ ಕದಿಯಬೇಕೆಂದು ಗೊತ್ತಾಯಿತು. ಮಲ್ಹಾರಪ್ಪ ಹೋಗಿ ಬುಟ್ಟಿಯ ಹತ್ತಿರ ಕೈ ಚಾಚಿದ. ಚಾಚಿದ ಮೇಲೆ, ಇದನ್ನು ತೆಗೆದುಕೊಂಡರೆ ಕದಿಯುವವನು ತಾನೋ ತನ್ನ ಕೈಯೋ ಎಂಬ ವಿಚಾರ ಬಂದು ಹಾಗೆಯೇ ನಿಂತ. ಮೆಹಬೂಬಿ ತಲೆಯೆತ್ತಿ, "ಮಲ್ಹಾರಣ್ಣಾ, ಛಲೋ ಹೊತ್ತಿಗೆ ಬಂದಿ. ಹಂಗs ನಿಂದರು, ನಾ ಮನಿಗೆ ಹೋಗಿ ಊಟಾ ಮಾಡಿ ಬರ್ತೀನಿ" ಎಂದು ಎದ್ದು ಹೋದಳು. ಅವನು ಕೈ ಚಾಚಿಕೊಂಡೇ ಒಂದು ತಾಸು ನಿಂತ. ಆಡು ಹತ್ತಿರ ಸುಳಿಯಲಿಲ್ಲ, ದನ ಬಾಯಿ ಹಾಕಲಿಲ್ಲ. ತಿರುಗಿ ಬಂದ ಮೆಹಬೂಬಿ ಅವನ ಪಂಚೆಯ ಸೆರಗಿಗೆ ನಾಲ್ಕು ಬದನೆಕಾಯಿ ಕಟ್ಟಿ, "ನಿನ್ನಂಥಾ ಅಣ್ಣ ಇದ್ರ ಸಾಕು" ಎಂದಳು.

ಎರಡನೆಯದು, ಹೆಸರಿಲ್ಲದ ದೂರಿನ ಪತ್ರ. ಮಲ್ಹಾರಪ್ಪನು ನೀಚನೆಂದು ಮಲ್ಹಾರಪ್ಪನೇ ಬರೆದು ವಾಚನಾಲಯದ ಪೆಟ್ಟಿಗೆಗೆ ಹಾಕಿದ. ವಾಚನಾಲಯದ ಮುಖ್ಯಸ್ಥರಾದ ಬಸಲಿಂಗ ಮಾಸ್ತರರು ಅದನ್ನು ಅಂಗಳದಲ್ಲಿ ಗಟ್ಟಿಯಾಗಿ ಓದಿದರು. ಪತ್ರ ಹನ್ನೊಂದು ಪುಟವಿತ್ತು. ಪ್ರತಿಯೊಂದು ಆರೋಪದ ನಂತರವೂ 'ಆದರೂ ಇನ್ನೊಂದು ಬಗೆಯಿಂದ ನೋಡಿದರೆ' ಎಂದಿತ್ತು. ಐದನೆಯ ಪುಟಕ್ಕೆ ಹೆಂಗಸರು ಕಣ್ಣೊರೆಸಿಕೊಂಡರು. "ಬೈದ್ರ ಹಿಂಗ ಬೈಬೇಕು," ಎಂದರು ಮಾಸ್ತರರು ಪುಟ ಮಗುಚುತ್ತ. "ಇಷ್ಟ ನ್ಯಾಯದಿಂದ ಬೈಯಿಸಿಕೊಂಡಾಂವ ಎಷ್ಟ ಒಳ್ಳೇವ ಇರಬೇಕು!" ಸೋನವ್ವ ಕೊನೆಯದಾಗಿ, ಮಾಸ್ತರರನ್ನು ಎದುರಿಗೇ ಮೂರ್ಖನೆಂದು ಬೈಯಲು ಅವನನ್ನು ಕಳಿಸಿದಳು. ಆ ಮಾತನ್ನು ಅವನು ಹೇಗೆ ಶುರು ಮಾಡಿ ಹೇಗೆ ಮುಗಿಸಿದನೋ ಯಾವ ಪಾಠದಲ್ಲಿಯೂ ಇಲ್ಲ. ಮಾಸ್ತರರು ಅವನಿಗೆ ಶಾಲು ಹೊದಿಸಿದರೆಂಬುದು ನಾಲ್ಕೂ ಪಾಠಗಳಲ್ಲಿದೆ.

ಹೋಲಿಕೆ ನಡೆದದ್ದು ಭಾನುವಾರ, ಬೆಳಿಗ್ಗೆ ಹತ್ತಕ್ಕೆ. ಅಂಗಳ ತುಂಬಿತ್ತು. ಇಬ್ಬರು ಮಲ್ಹಾರಪ್ಪಂದಿರು ಎರಡು ಕುರ್ಚಿಗಳ ಮೇಲೆ ಕುಳಿತಿದ್ದರು. ನಾಟಕದವನು ತನ್ನ ಕುರ್ಚಿಯನ್ನು ಜನರ ಕಡೆಗೆ ತಿರುಗಿಸಿಕೊಂಡಿದ್ದ. ಬಸಲಿಂಗ ಮಾಸ್ತರರು ಮೊದಲು ಪುಸ್ತಕದವನನ್ನು ನಿಲ್ಲಿಸಿ, "ನಡೀರಿ, ನಿಮ್ಮ ನಿಮ್ಮ ಜಾಗಾ ಹಿಡೀರಿ" ಎಂದರು. ಮೆಹಬೂಬಿ ಎಲ್ಲರಿಗಿಂತ ಮೊದಲು ಬೇವಿನ ಕೆಳಗೆ ಹೋಗಿ ನಿಂತಳು. ಹಿಂದೆ ಅಂಚೆಯವನು, ನೀಲವ್ವ, ಕುಂಬಾರರು, ಗಾಣಿಗರು, ಕಡೆಗೆ ಊರಿಗೆ ಊರೇ. ನೆರಳು ಸಾಲದೆ ಜನ ಬಿಸಿಲಿನಲ್ಲಿ ನಿಂತರೂ ಬೇವಿನ ಕಡೆಯೇ ನಿಂತರು. ಪ್ರೀತಿಯಿಂದ ನಿಂತರು. ಅವನನ್ನು ಕಳಿಸಿಕೊಡುತ್ತಿದ್ದೇವೆಂಬುದು ಅವರ ತಲೆಗೇ ಬಂದಿರಲಿಲ್ಲ. ಸುಳ್ಳಾಗಿ ಗೋಡೆಯ ಕಡೆ ನಿಲ್ಲುವುದು ಆ ಊರಿನಲ್ಲಿ ಯಾರೂ ಮಾಡದ ಕೆಲಸ. ಗೋಡೆಯ ಹತ್ತಿರ ಒಂದು ನಾಯಿ ಮಾತ್ರ ಇತ್ತು. ನಡುವೆ ಯಾರೂ ಇರಲಿಲ್ಲ. ಸೋನವ್ವ ಇನ್ನೂ ಬಾಗಿಲಲ್ಲೇ ನಿಂತಿದ್ದಳು.

"ಮಾಸ್ತರ, ತಡೀರಿ" ಎಂದಳು ಅವಳು. "ಒಂದ ಮಾತ ಕೇಳೂದೈತಿ." ಅವಳು ಬಂದು ಅವನ ಎದುರಿಗೆ ನಿಂತಳು. "ಮಲ್ಹಾರಪ್ಪ, ಆ ದೀಪ ತಾನs ಉರುಳಿತೋ, ನೀವs ಉರುಳಿಸಿದಿರೋ?"

ಸೂಲಗಿತ್ತಿ ಕಿವಿ ಮುಚ್ಚಿಕೊಂಡು ಮನೆಗೆ ಹೋದಳು. "ಹಾಯ್ ಅಲ್ಲಾ! ಮಂದ್ಯಾಗ ಹಿಂಗ ಕೇಳ್ತಾರೇನs ಹುಡುಗಿ!" ಎಂದಳು ಮೆಹಬೂಬಿ. ಬಸಲಿಂಗ ಮಾಸ್ತರರು ನಾಚಿಕೆಯಿಂದ ತಮ್ಮ ಚಾಳೀಸು ತೆಗೆದು ಒರೆಸತೊಡಗಿದರು.

ಮಲ್ಹಾರಪ್ಪ ಯೋಚಿಸಿದ. ಬೇವಿನ ನೆರಳು ಒಂದು ಗೇಣು ಸರಿಯುವಷ್ಟು ಹೊತ್ತು ಯೋಚಿಸಿದ. ಆಮೇಲೆ ಹೇಳಿದ: "ಕೈ ಹತ್ತಿರ ಇತ್ತು, ಅದು ಖಚಿತ. ದೀಪ ಉರುಳಿತು, ಅದೂ ಖಚಿತ. ಅವೆರಡರ ನಡುವಿನ ಜಾಗಕ್ಕೆ ನಾನು ಏಳು ವರ್ಷದಿಂದ ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತೇನೆ. ಕೆಲವು ದಿನ ಅಲ್ಲಿ ಗಾಳಿ ಬೀಸಿದಂತೆ ಅನ್ನಿಸುತ್ತದೆ. ಅವು ನನಗೆ ಚೆನ್ನಾಗಿ ನಿದ್ದೆ ಬಂದ ದಿನಗಳು. ಕೆಲವು ದಿನ ಬೆರಳು ಮಿಸುಕಿದಂತೆ ಅನ್ನಿಸುತ್ತದೆ. ಅವು ಅಣ್ಣನ ಮೇಲೆ ಸಿಟ್ಟು ಬಂದ ದಿನಗಳು. ಇವತ್ತು ಮಾತ್ರ ನಾನೇ ಉರುಳಿಸಿದೆನೆಂದು ಸ್ಪಷ್ಟವಾಗಿ ನೆನಪಾಗುತ್ತಿದೆ. ಆದರೆ ಉರುಳಿಸಿದೆನೆಂದರೆ ನಾನು ಈ ಊರಿನಲ್ಲಿ, ಸೋನವ್ವನ ಹತ್ತಿರ ಉಳಿಯಬಹುದು. ಆದ್ದರಿಂದ ಇವತ್ತಿನ ನೆನಪನ್ನು ನೀವು ನಂಬಬೇಡಿ. ನಾನೂ ನಂಬುತ್ತಿಲ್ಲ."

ಮೊದಲು ಅಂಚೆಯವನು ಬೇವಿನ ಕೆಳಗಿನಿಂದ ಎರಡು ಹೆಜ್ಜೆ ಈಚೆಗೆ ಬಂದ. "ಇಷ್ಟ ಖರೇ ಮಾತಾಡಾಂವ ಕೆಟ್ಟಾಂವ ಹೆಂಗಾದಾನು?" ಎಂದು ಒಬ್ಬ ಕುಂಬಾರ ಕೇಳಿದ. "ಖರೇ ಮಾತಾಡಿದಂಗ ಮಾಡಿ ಸೋನವ್ವನ ಮನಸ ಗೆದ್ದ ನೋಡು! ಇಂಥಾ ಚಾಲಾಕಿ ಒಳ್ಳೇವಗ ಬರ್ತದೇನೋ?" ಎಂದು ಅವನ ತಮ್ಮ ಗೋಡೆಗೆ ಹೋಗಿ ನಿಂತ. ಮೆಹಬೂಬಿ ಕೈಬೆರಳಿನಿಂದ ಗಲ್ಲ ಮುಟ್ಟಿಕೊಂಡು, "ಅಲ್ಲಾ, ಅವತ್ತ ಇಂವ ನನ್ನ ಬುಟ್ಟಿ ಕಾದನೋ, ಬದನೀಕಾಯಿ ಕದಿಯಾಕ ನಿಂತಿದ್ದನೋ?" ಎಂದು ನಡುವಿಗೆ ಸರಿದಳು. ಏಳು ವರ್ಷದ ಒಂದೊಂದು ಉಪಕಾರವನ್ನೂ ಜನ ಹೊರಗೆ ತೆಗೆದು ತಿರುವಿ ನೋಡತೊಡಗಿದರು. ಮಾಸ್ತರರಿಗೆ ಆ ಹೊತ್ತಿಗೆ ತಾವು ಹೊದಿಸಿದ ಶಾಲು ನೆನಪಾಗಿ, ಅಂದು ಅವನು ನಿಜವಾಗಿ ಏನು ಹೇಳಿದನೆಂದು ಮನಸ್ಸಿನಲ್ಲಿಯೇ ಇನ್ನೊಮ್ಮೆ ಕೇಳಿಸಿಕೊಂಡು, ಸೀದಾ ಗೋಡೆಗೆ ಹೋದರು. ಎಣಿಸಿದಾಗ ಬೇವಿಗೆ ಎಪ್ಪತ್ತು, ಗೋಡೆಗೆ ಅರವತ್ತೆಂಟು, ನಡುವೆ ಸೋನವ್ವನೂ ಸೇರಿ ತೊಂಬತ್ತು. ಇಷ್ಟು ಚದುರಿದ ಊರನ್ನು ಯಾವ ಹೋಲಿಕೆಯೂ ಕಂಡಿರಲಿಲ್ಲ.

ಇನ್ನು ನಾಟಕದವನ ಸರದಿ. ಪುಸ್ತಕದವನಿಗೆ ಕೇಳಿದ ಮೇಲೆ ಇವನಿಗೂ ಕೇಳಬೇಕಾದದ್ದು ನ್ಯಾಯ. ಅವನು ಪ್ರಶ್ನೆ ಮುಗಿಯಗೊಡಲಿಲ್ಲ. "ನಾನೇ! ಇದೋ, ಈ ಕಾಲಿನಿಂದಲೇ ಒದ್ದೆ! ಹ ಹ್ಹ! ಹ ಹ್ಹ! ಹ ಹ್ಹಾ!" ಎಂದು ಬಲಗಾಲು ಎತ್ತಿ ತೋರಿಸಿದ. ಜನ ಸಂದೇಹವಿಲ್ಲದೆ ಗೋಡೆಯ ಕಡೆ ಹೊರಟರು. ಗೋಡೆಗೆ ನಿಂತರೂ ಒಮ್ಮತ ಒಮ್ಮತವೇ. ಅಷ್ಟರಲ್ಲಿ ಎಲ್ಲ ಮುಗಿಯಬೇಕಾಗಿತ್ತು. ಆದರೆ ನೀಲವ್ವನಿಗೆ ಹುಲ್ಲಿನ ಹೊರೆಯ ಋಣವಿತ್ತು.

"ಯಾಕ ಒದ್ದೆಪಾ ತಮ್ಮಾ?" ಎಂದಳು ಅವಳು.

ಅವನು ಬಾಯಿ ತೆರೆದ. ಮಾತು ಮರೆತಾಗ ಎತ್ತಿಕೊಡುವವನು ಕೂರುತ್ತಿದ್ದ ಎಡಗಡೆಗೆ ಒಮ್ಮೆ ನೋಡಿದ. ಅಲ್ಲಿ ವಾಚನಾಲಯದ ನೀರಿನ ಹಂಡೆ ಇತ್ತು. ಆಮೇಲೆ ಅವನು, ಊರಿಗೆ ಬಂದ ಹದಿನಾಲ್ಕು ದಿನಗಳಲ್ಲಿ ಮೊದಲ ಬಾರಿಗೆ, ಪಕ್ಕದವರಿಗೆ ಮಾತ್ರ ಕೇಳಿಸುವಂಥ ದನಿಯಲ್ಲಿ, "ಹಿಂದೆ ಕೂತವರಿಗೆ ಕಾಣಲೆಂದು" ಎಂದ.

"ಮತ್ತ ಆ ವಾಡೆ ನಿನಗ ಬೇಕಾಗಿರಲಿಲ್ಲೇನು?"

"ವಾಡೆಯೇ? ಅದು ಪರದೆಯ ಮೇಲೆ ಬರೆದದ್ದಜ್ಜೀ. ಅದರ ಒಳಗೆ ಹೋಗಲು ಬರುವುದಿಲ್ಲ. ನಾನೊಮ್ಮೆ ನೋಡಿದ್ದೇನೆ."

ಇಡೀ ಅಂಗಳ ಒಂದೇ ಉಸಿರಿನಲ್ಲಿ, "ಅಯ್ಯ, ಪಾಪ!" ಎಂದಿತು. ಗೋಡೆಯ ಹತ್ತಿರ ಹೋಗಿದ್ದವರು ಅಲ್ಲಿಂದಲೇ ತಿರುಗಿದರು. ಮಾಸ್ತರರು ತಿರುಗಿದರು. ನಾಯಿಯೂ ಜನರ ಹಿಂದೆ ಎದ್ದು ಬಂತೆಂದು ತುಳಸವ್ವನವರ ಪಾಠ. ಇನ್ನೂರ ಇಪ್ಪತ್ತೆಂಟು ಜನ ಬೇವಿನ ಕೆಳಗೆ ಒಬ್ಬರ ಮೇಲೊಬ್ಬರು ಬೀಳುವಂತೆ ನಿಂತರು. ಹೀಗೆ ಆ ಊರಿನ ಇತಿಹಾಸದಲ್ಲಿ ಒಬ್ಬ ಖಳನಾಯಕನು ಸರ್ವಾನುಮತದಿಂದ ಒಳ್ಳೆಯವನೆಂದು ತೀರ್ಮಾನವಾಗಿ, ಅದೇ ಕಾರಣಕ್ಕೆ ಊರು ಬಿಡಬೇಕಾಯಿತು. ಸಂಜೆಯ ಬಸ್ಸಿಗೆ ಎಲ್ಲರೂ ಬಂದರು. ಎಷ್ಟು ಚಪ್ಪಾಳೆಯೆಂದರೆ ಅವನು ಮೂರು ಸಲ ಮೆಟ್ಟಿಲು ಇಳಿದು ಮೂರು ಸಲ ಹತ್ತಿದ. ಕೊನೆಯ ಸಲ ಹತ್ತುವಾಗ ಬಾಯಿಗೆ ಅಂಗೈ ಅಡ್ಡ ಹಿಡಿದು, "ಇವರಿಗೆ ನನ್ನ ಕಪಟ ಕೊನೆಗೂ ತಿಳಿಯಲಿಲ್ಲ!" ಎಂದು ಸಂತೋಷದಿಂದ ಗರ್ಜಿಸಿದ. ಊರವರೆಲ್ಲ ಸೌಜನ್ಯದಿಂದ ಬೇರೆ ಕಡೆ ನೋಡಿದರು.

ಬಸ್ಸು ಹೋದ ಮೇಲೆ ಮಲ್ಹಾರಪ್ಪನೂ ಸೋನವ್ವನೂ ಖಾನಾವಳಿಯ ಕಡೆ ನಡೆದರು. ಅವನು ಓಣಿಯ ತಿರುವಿನವರೆಗೆ ಯೋಚಿಸಿ ಕೇಳಿದ: "ನೀನು ನನ್ನ ಸರದಿಯಲ್ಲಿ ನಡುವೆ ನಿಂತಿದ್ದೆ. ನನ್ನನ್ನು ಉಳಿಸಿಕೊಳ್ಳಬೇಕೆಂದು ನಿಂತೆಯೋ, ಅಥವಾ ನನ್ನ ಬಗ್ಗೆ ನಿನಗೂ ಹೇಳಲು ಬರಲಿಲ್ಲವೋ?"

ಸೋನವ್ವ ಅವನ ಮುಖವನ್ನು, ಆ ಗಿಣಿಮೂಗನ್ನು, ಚೆನ್ನಾಗಿ ನೋಡಿದಳು. "ನೀವು ಏಳ ವರ್ಷ ಯೋಚನಿ ಮಾಡೀರಿ," ಎಂದಳು. "ನನಗ ಒಂದ ದಿನಾನೂ ಆಗಿಲ್ಲ. ನಡೀರಿ, ಹಿಟ್ಟ ನಾದೂದೈತಿ."

ಅಕ್ಷಯ ತದಿಗೆಗೆ ಅವರ ಮದುವೆಯಾಯಿತು ಎಂದು ಹೇಳಿ ತುಳಸವ್ವನವರು ಸೆರಗು ಕೊಡವಿದರು.

"ಹಂಗಾದ್ರ ಸೋನವ್ವ ಖರೇನs ನಡುವ ನಿಂತಳೋ, ಸುಳ್ಳ ನಿಂತಳೋ?" ಎಂದು ಮುಂದೆ ಕುಳಿತ ಹೆಂಗಸು ಕೇಳಿದಳು.

"ಸುಳ್ಳs ನಿಂತಾಳ," ಎಂದಳು ಅವಳ ಪಕ್ಕದವಳು. "ಗಂಡ ಆಗಾಂವನ ಮ್ಯಾಲೆ ಅನುಮಾನ ಇದ್ದಾಕಿ ತಾಳಿ ಕಟ್ಟಿಸಿಕೊಂತಾಳೇನು?"

"ಈ ಊರಾಗ ಯಾರೂ ಸುಳ್ಳ ನಿಂತಿಲ್ಲ ಇವತ್ತಿಗೂ. ಆಕೀ ನಿಂತಿದ್ರ ಆಕೀನs ಚಾಲಾಕಿ ಬೆರಿಕಿ," ಎಂದ ಹಿಂದೆ ಕುಳಿತವನೊಬ್ಬ.

"ಬೆರಿಕಿ ಅನಬ್ಯಾಡ ನಮ್ಮ ಸೋನವ್ವಗ! ದಿನಾ ಆಕೀ ಕೈಯಾಗ ಉಣ್ಣಾಂವ ನೀ!"

"ಉಣ್ತೀನಿ. ಬೆರಿಕಿ ಅಂತೀನಿ. ಎರಡೂ ಮಾಡ್ತೀನಿ, ಏನೀಗ?"

ಎಲ್ಲರೂ ತುಳಸವ್ವನವರ ಕಡೆ ತಿರುಗಿದರು. ಅವರು ಹಲ್ಲಿಗೆ ಕಡ್ಡಿಪುಡಿ ಒತ್ತಿಕೊಂಡು, ಬಾಯಿ ತುಂಬಿದೆಯೆಂದು ಕೈಸನ್ನೆ ಮಾಡಿ, ಎದ್ದು ತಂಗಿಯ ಮನೆಯ ಕಡೆ ಹೊರಟರು. ಉಳಿದವರೂ ಎದ್ದರು. ಆ ಹನ್ನೊಂದು ಜನರಲ್ಲಿ ಸುಳ್ಳೆಂದವರು ಐವರು, ಖರೇ ಎಂದವರು ನಾಲ್ವರು, ಇಬ್ಬರು ಓಣಿಯ ತುದಿಯವರೆಗೆ ಎರಡನ್ನೂ ಹೇಳುತ್ತ ನಡೆದರು. ಮುಂದೆ ಕುಳಿತಿದ್ದ ಹೆಂಗಸಿನ ಮನೆಯೂ ಅವಳ ಪಕ್ಕದವಳ ಮನೆಯೂ ಎದುರುಬದುರು. ಇಬ್ಬರೂ ತಮ್ಮ ತಮ್ಮ ಹೊಸ್ತಿಲ ಮೇಲೆ ನಿಂತು, ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು, "ಖರೇ!" "ಸುಳ್ಳ!" "ಖರೇ!" ಎನ್ನುತ್ತ ಬಹಳ ಹೊತ್ತು ಇದ್ದು, ಒಳಗಿನಿಂದ ಚಹಾಕ್ಕೆ ಕರೆದಾಗ ಹೋದರು.